ಇಂಗ್ಲೆಂಡಿನ ಎಮರ್ಜೆನ್ಸಿಯಲ್ಲಿ ಎಲ್ಲವನ್ನೂ ಮೊದಲು ನರ್ಸ್‌ಗೇ ಹೇಳಿ

ರಜಕ್ಕೆ ಬಸವನಗುಡಿಯ ಮನೆಗೆ ಬಂದಿದ್ದೇನೆ. ಪಕ್ಕದ ಮನೆಯ ಅಂಕಲ್, ಆಂಟಿ ಮುಂದಿನ ವಾರ ಲೆಸ್ಟರ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದಾರೆ. ನಾನು ಇಂಗ್ಲೆಂಡಿನಲ್ಲಿ ನರ್ಸ್ ಅಲ್ವಾ, ಆಂಟಿ ಕೇಳಿದರು: "ಅಲ್ಲಿ ಎಮರ್ಜೆನ್ಸಿ ಆದ್ರೆ ಡಾಕ್ಟ್ರು ಬೇಗ ಸಿಗ್ತಾರೇನಮ್ಮ?" ಅವರಿಗೆ ಹೇಳಿದ್ದನ್ನೇ, ಅಪ್ಪ-ಅಮ್ಮನನ್ನು ಅಲ್ಲಿಗೆ ಕರೆಸಿಕೊಳ್ಳುವ ನಿಮಗೂ ಹೇಳುತ್ತೇನೆ.

ಅಲ್ಲಿ ಸಾಮಾನ್ಯವಾಗಿ ಮೊದಲು ನೋಡುವುದು ಟ್ರಯಾಜ್ ನರ್ಸ್. ಯಾರು ಎಷ್ಟು ಹೊತ್ತು ಕಾಯಬಹುದು ಅಂತ ತೀರ್ಮಾನಿಸುವುದೂ ಅವರೇ. ಹಲವು ಆಸ್ಪತ್ರೆಗಳಲ್ಲಿ ಮ್ಯಾಂಚೆಸ್ಟರ್ ಪದ್ಧತಿಯ ಬಣ್ಣಗಳಿವೆ. ಕೆಂಪಾದರೆ ಈಗಲೇ, ಕಿತ್ತಳೆಯಾದರೆ 10 ನಿಮಿಷ, ಹಳದಿಗೆ 60, ಹಸಿರಿಗೆ 120. ಇದು ಗುರಿ ಅಷ್ಟೇ. ಜನ ಜಾಸ್ತಿ ಇದ್ದರೆ ಹಸಿರಿನವರು ಇನ್ನೂ ಕಾಯಬೇಕು.

ಒಮ್ಮೆ ನಮ್ಮ ಕಡೆಯ ಹಿರಿಯರೊಬ್ಬರು ನನ್ನೆದುರು ಕೂತು "ಏನಿಲ್ಲಮ್ಮ, ಸ್ವಲ್ಪ ಗ್ಯಾಸ್" ಅಂದರು. ನೋವು ಎಡಗೈಗೆ ಇಳಿದಿದ್ದನ್ನು ಡಾಕ್ಟರಿಗೆ ಹೇಳೋಣ ಅಂತ ಸುಮ್ನೆ ಇದ್ದರು. ಸ್ವೆಟರ್ ತೋಳು ಸರಿಸಿ ಬಿಪಿ ಪಟ್ಟಿ ಕಟ್ಟಿದೆ. ಕೈ ತಣ್ಣಗಿತ್ತು, ಬೆವರಿನಿಂದ ಅಂಟುತ್ತಿತ್ತು. ತಕ್ಷಣ ಇಸಿಜಿ ತೆಗೆಸಿದೆ. ಜೂನಿಯರ್ ಡಾಕ್ಟರ್ ನೋಡಿ, ಕಾಯಬಹುದು ಅಂದರು. ನನ್ನ ಮನಸ್ಸು ಒಪ್ಪಲಿಲ್ಲ. ಹಾಳೆ ಹಿಡಿದು ನೇರ ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞ ಡಾಕ್ಟರ್ ಹತ್ತಿರ ಹೋದೆ. ಅವರು ನೋಡಿದ ಕೂಡಲೇ ಹಿರಿಯರನ್ನು ಒಳಗೆ ಕರೆದುಕೊಂಡರು. ಹಾರ್ಟ್ ಅಟ್ಯಾಕ್ ಆಗಿತ್ತು.

ಮುಂಚೆ ಬೆಂಗಳೂರಿನ ಕ್ಯಾಶುವಾಲ್ಟಿಯಲ್ಲಿದ್ದಾಗ ನನಗೆ ಇಷ್ಟು ಧೈರ್ಯ ಇರಲಿಲ್ಲ. "ಹೇಳಿದಷ್ಟು ಮಾಡಿ ಸಿಸ್ಟರ್" ಅಂದರೆ ಅಲ್ಲಿಗೆ ಮುಗಿಯಿತು. ಇಂಗ್ಲೆಂಡಿನಲ್ಲೂ ಮುಖ ಗಂಟಿಕ್ಕುವ ಡಾಕ್ಟರುಗಳಿದ್ದಾರೆ, ವಾಗ್ವಾದವೂ ಆಗುತ್ತದೆ. ಆದರೆ ರೋಗಿಗೆ ಅಪಾಯ ಅನ್ನಿಸಿದರೆ ಬಾಯಿಬಿಟ್ಟು ಹೇಳಲೇಬೇಕು ಅಂತ ನರ್ಸ್‌ಗಳ ವೃತ್ತಿ ನಿಯಮದಲ್ಲೇ ಇದೆ. ಹಾಗಾಗಿ ನಿಮ್ಮೆದುರೇ ಇಬ್ಬರೂ ವಾದಿಸಿದರೆ ಗಾಬರಿಯಾಗಬೇಡಿ.

ಸಣ್ಣಪುಟ್ಟ ಗಾಯ, ಮೂಳೆ ಮುರಿತಕ್ಕೆ ನರ್ಸ್ ಪ್ರಾಕ್ಟಿಷನರ್ ಬರಬಹುದು. ಎಕ್ಸ್‌ರೇ ಬರೆಯುವುದು, ಹೊಲಿಗೆ ಹಾಕುವುದು, ಮನೆಗೆ ಕಳಿಸುವುದು ಎಲ್ಲ ಅವರೇ. ಅದಕ್ಕೆ ಬೇಕಾದ ತರಬೇತಿ ಅವರಿಗಿದೆ. ಡಾಕ್ಟರೇ ಬೇಕು ಅಂತ ಪಟ್ಟು ಹಿಡಿಯಬೇಡಿ.

ಜೀವಕ್ಕೆ ಅಪಾಯ ಅನ್ನಿಸಿದರೆ 999, ಏನು ಮಾಡಬೇಕು ಅಂತ ತೋಚದಿದ್ದರೆ 111. ಎಮರ್ಜೆನ್ಸಿ ವಿಭಾಗದಲ್ಲಿ ಪ್ರವಾಸಿಗಳಿಂದಲೂ ದುಡ್ಡು ತಗೊಳ್ಳುವುದಿಲ್ಲ. ಅಡ್ಮಿಟ್ ಆದರೆ ಮಾತ್ರ ದೊಡ್ಡ ಬಿಲ್ ಬರಬಹುದು, ವಿಮೆ ಮಾಡಿಸಿಯೇ ಕರೆಸಿಕೊಳ್ಳಿ.

ಆಂಟಿಗೆ ಮಾತ್ರೆಗಳ ಚೀಟಿ ಬರೆದುಕೊಟ್ಟೆ, ಬ್ರ್ಯಾಂಡಿನ ಪಕ್ಕದಲ್ಲಿ ಔಷಧದ ಹೆಸರನ್ನೂ ಸೇರಿಸಿ. ಡೋಲೋ ಅಂದರೆ ಅಲ್ಲಿನ ನರ್ಸ್‌ಗೆ ತಿಳಿಯುವುದಿಲ್ಲ, ಪ್ಯಾರಾಸಿಟಮಾಲ್ ಅನ್ನಬೇಕು.