ಬೋಮಾಸ್ಟರ್ಸ್ ಆಟದಲ್ಲಿ ಗುರಿ ಹಿಡಿಯುವ ಕ್ರಮ

ದೂರದಲ್ಲಿ ನಿಂತ ಎದುರಾಳಿಗೆ ಸರದಿಯಂತೆ ಬಾಣ ಬಿಟ್ಟು ಹೊಡೆಯುವ ಬೋಮಾಸ್ಟರ್ಸ್ ಮಲೆನಾಡಿನ ಮಳೆಗಾಲಕ್ಕೆ ಚೆನ್ನಾಗಿ ಒಗ್ಗುವ ಮೊಬೈಲ್ ಆಟ. ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈ ತಿಂಗಳಲ್ಲಿ ಮಳೆಯ ಕಾರಣಕ್ಕೆ ಶಾಲೆಗಳಿಗೆ ರಜೆ ಘೋಷಣೆಯಾದ ದಿನ ಅಣ್ಣ ತಂಗಿ ಇಬ್ಬರೂ ಒಂದೇ ಫೋನನ್ನು ನಡುವೆ ಇಟ್ಟುಕೊಂಡು ಸರದಿಯಂತೆ ಆಡಬಹುದು. ಏಟು ತಿಂದ ಪಾತ್ರದ ಕೀಲುಗಳೆಲ್ಲ ಸಡಿಲಿ, ಅದು ಕೈಕಾಲು ಚೆಲ್ಲಿ ಉರುಳುವುದನ್ನು ಕಂಡಾಗ ನಗದಿರುವುದು ಕಷ್ಟ. ರಕ್ತ ಚಿಮ್ಮುವ ದೃಶ್ಯಗಳೂ ಇರುವುದರಿಂದ ತೀರ ಚಿಕ್ಕ ಮಕ್ಕಳ ಕೈಗೆ ಕೊಡುವ ಮುನ್ನ ಹಿರಿಯರು ಒಮ್ಮೆ ಆಡಿ ನೋಡಬೇಕು.

ಪರದೆಯ ಮೇಲೆ ಬೆರಳಿಟ್ಟು ಹಿಂದಕ್ಕೆ ಎಳೆದು ಬಿಟ್ಟರೆ ಬಾಣ ಹೊರಡುತ್ತದೆ. ಎಳೆಯುವಾಗ ಕೋನ ಮತ್ತು ಬಲ ಎರಡೂ ಅಂಕಿಗಳಲ್ಲಿ ಕಾಣುತ್ತವೆ. ಆಟದ ಗುಟ್ಟೆಲ್ಲ ಈ ಎರಡು ಅಂಕಿಗಳಲ್ಲಿದೆ. ಬಾಣ ತಪ್ಪಿದೊಡನೆ ಹೆಚ್ಚಿನವರು ಎರಡನ್ನೂ ಒಟ್ಟಿಗೆ ಬದಲಾಯಿಸುತ್ತಾರೆ, ಆಗ ಯಾವುದರಿಂದ ಎಷ್ಟು ವ್ಯತ್ಯಾಸವಾಯಿತೆಂಬುದು ತಿಳಿಯುವುದೇ ಇಲ್ಲ. ಆದ್ದರಿಂದ ಪ್ರತಿ ಸಲವೂ ಪೂರ್ತಿ ಬಲ ಬರುವಷ್ಟು ಎಳೆದು, ಕೋನವನ್ನು ಮಾತ್ರ ತಿದ್ದುವುದು ಒಳ್ಳೆಯ ಕ್ರಮ. ಎದುರಾಳಿ ಆರಂಭದಲ್ಲಿ ಕಣ್ಣಿಗೆ ಬೀಳದಷ್ಟು ದೂರದಲ್ಲಿರುವುದರಿಂದ ಮೊದಲ ಬಾಣವನ್ನು ದೂರ ತಿಳಿಯಲಿಕ್ಕೆಂದೇ 30 ಡಿಗ್ರಿಯ ಆಸುಪಾಸಿನಲ್ಲಿ ಬಿಡಿ. ಅದು ತಲೆಯ ಮೇಲೆ ಹಾದುಹೋಗಿ, 24 ಡಿಗ್ರಿಯ ಬಾಣ ಈಚೆಗೇ ಬಿದ್ದರೆ, ಮೂರನೆಯದನ್ನು 27ಕ್ಕೆ ಬಿಡಬೇಕು. ಹೊಳೆದಂಡೆಯ ಅಪ್ಪೆಮಿಡಿ ಮರಕ್ಕೆ ಕಲ್ಲು ಬೀಸುವವರು ಎರಡನೆಯ ಕಲ್ಲನ್ನು ತಿದ್ದಿಕೊಳ್ಳುವುದೂ ಹೀಗೆಯೇ.

ಸಮತಟ್ಟಾದ ನೆಲದಲ್ಲಿ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಬಾಣ ಅತಿ ದೂರ ಹೋಗುವುದು 45 ಡಿಗ್ರಿಯಲ್ಲಿ. 30 ಮತ್ತು 60 ಡಿಗ್ರಿಗಳಲ್ಲಿ ಬಿಟ್ಟ ಬಾಣಗಳು ಒಂದೇ ದೂರಕ್ಕೆ ಬೀಳುತ್ತವೆ. ಈ ಎರಡರಲ್ಲಿ ತಗ್ಗಿನ ಕೋನವನ್ನೇ ಆರಿಸಿಕೊಳ್ಳುವುದು ಜಾಣತನ, ಏಕೆಂದರೆ ಮೇಲಿನಿಂದ ಕಡಿದಾಗಿ ಇಳಿಯುವ ಬಾಣಕ್ಕೆ ಸಿಗುವುದು ನಿಂತ ದೇಹದ ಅಗಲ ಮಾತ್ರ, ಅಡ್ಡಲಾಗಿ ಬರುವ ಬಾಣಕ್ಕೆ ತಲೆಯಿಂದ ಕಾಲಿನವರೆಗಿನ ಎತ್ತರವೆಲ್ಲ ಗುರಿಯಾಗುತ್ತದೆ. ಬಲ ಕಡಿಮೆ ಮಾಡಲೇಬೇಕಾಗಿ ಬಂದರೆ ಎಚ್ಚರವಿರಲಿ: ಬಾಣದ ವೇಗ ಅರ್ಧಕ್ಕಿಳಿದರೆ ದೂರ ಕಾಲುಭಾಗಕ್ಕೆ ಇಳಿಯುತ್ತದೆ. ಮೈಗೆ ಏಟು ಬೀಳತೊಡಗಿದ ಮೇಲೆ ಒಂದೊಂದೇ ಡಿಗ್ರಿ ಏರಿಸುತ್ತ ತಲೆಗೆ ಗುರಿಯಿಡಬಹುದು; ತಲೆಗೆ ಬಿದ್ದ ಏಟಿನಿಂದ ಹೆಚ್ಚು ಹಾನಿಯಾಗುತ್ತದೆ.

ಲೆಕ್ಕ ಸರಿಯಿದ್ದರೂ ಬಾಣ ಕೆಡುವುದು ಬೆರಳು ಬಿಡುವ ಗಳಿಗೆಯಲ್ಲಿ. 27 ತೋರಿಸುತ್ತಿದ್ದ ಅಂಕಿ, ಬೆರಳನ್ನು ಪಕ್ಕಕ್ಕೆ ಜಾರಿಸಿ ತೆಗೆದರೆ 25ಕ್ಕೋ 29ಕ್ಕೋ ಹೋಗಿಬಿಡುತ್ತದೆ. ಅಂಕಿ ನಿಂತ ಮೇಲೆ ಕ್ಷಣಕಾಲ ತಡೆದು, ಬೆರಳನ್ನು ಗಾಜಿನಿಂದ ನೇರವಾಗಿ ಮೇಲಕ್ಕೆತ್ತಬೇಕು. ಹಲಸಿನ ಹಪ್ಪಳ ತಿಂದ ಎಣ್ಣೆಗೈಯಲ್ಲಂತೂ ಇದು ಸಾಧ್ಯವೇ ಇಲ್ಲ. ಕೈಯನ್ನೂ ಪರದೆಯನ್ನೂ ಒಣಬಟ್ಟೆಯಿಂದ ಒರೆಸಿಕೊಂಡೇ ಕೂರಿ.

ಪಾತ್ರಕ್ಕೊಂದು ಆಯುಧವಿರುವುದರಿಂದ ಕೈ ಪಳಗುವವರೆಗೆ ಪಾತ್ರ ಬದಲಾಯಿಸದಿರುವುದು ಲೇಸು. ತಲೆಯ ಮೇಲಿನ ಸೇಬಿಗೆ ಹೊಡೆಯುವ ಪಂದ್ಯದಲ್ಲಿ ಮಾತ್ರ ಈ ಕ್ರಮ ಸ್ವಲ್ಪ ಬದಲಾಗುತ್ತದೆ: ಅಲ್ಲಿ ಬಾಣ ಈಚೆ ಬಿದ್ದರೆ ಕೆಳಗೆ ನಿಂತವನಿಗೆ ತಗಲುವ ಅಪಾಯವಿದೆ, ಆದ್ದರಿಂದ ಮೊದಲ ಬಾಣವನ್ನು ಸೇಬಿನ ಮೇಲೆ ಹಾದುಹೋಗುವಂತೆ ಬಿಟ್ಟು, ಅಲ್ಲಿಂದ ಸ್ವಲ್ಪಸ್ವಲ್ಪವೇ ಕೆಳಗಿಳಿಸುತ್ತ ಬನ್ನಿ.