ನೆಲಮಾಳಿಗೆಯ ಆಕ್ಸೊಲಾಟಲ್ ಮರಿಗಳು: ನನ್ನ ಅನುಭವ

ನನ್ನ ಆಕ್ಸೊಲಾಟಲ್ ಮೊದಲ ಸಲ ಮೊಟ್ಟೆ ಇಟ್ಟಾಗ ನಾನು ಒಂದನ್ನೂ ಬಿಸಾಡಲಿಲ್ಲ. ನಾನು ಮಾಡಿದ ದೊಡ್ಡ ತಪ್ಪು ಅದೇ.

ನಾನಿರುವುದು ಜರ್ಮನಿಯಲ್ಲಿ. ಬಾಡಿಗೆ ಮನೆ, ಕೆಳಗೊಂದು ನೆಲಮಾಳಿಗೆ. ಚಳಿಗಾಲದಲ್ಲಿ ಅಲ್ಲಿ 14 ಡಿಗ್ರಿ, ಬೇಸಿಗೆಯಲ್ಲೂ 19 ದಾಟಲ್ಲ. ಆಕ್ಸೊಲಾಟಲ್‌ಗೆ ಹೇಳಿ ಮಾಡಿಸಿದ ಜಾಗ. ಇದು ಮೆಕ್ಸಿಕೊದ ಸೊಚಿಮಿಲ್ಕೊ ಕಾಲುವೆಗಳ ಸಾಲಮ್ಯಾಂಡರ್, ಅಂದರೆ ಕಪ್ಪೆಯ ಹಾಗೆ ಉಭಯಚರ, ಆದರೆ ಬಾಲ ಇರುವಂಥದ್ದು, ದೊಡ್ಡದಾದ ಮೇಲೂ ಕಿವಿರು ಬಿಡದೆ ನೀರಲ್ಲೇ ಬಾಳುತ್ತದೆ. ನೀರು 22 ಡಿಗ್ರಿ ದಾಟಿದರೆ ಸೊರಗುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಅಷ್ಟೊಂದು ಜಾತಿಯ ಕಪ್ಪೆಗಳಿದ್ದರೂ ಸಾಲಮ್ಯಾಂಡರ್ ಒಂದೂ ಇಲ್ಲ. ಅಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿ, "ಹಲ್ಲಿಗೆ ಯಾಕೋ ಇಷ್ಟು ದೊಡ್ಡ ತೊಟ್ಟಿ?" ಅಂದಳು.

ಜೋಡಿಯನ್ನು ಬೇರೆ ಬೇರೆ ಕಡೆಯಿಂದ ತಂದೆ, ಅಣ್ಣ ತಂಗಿ ಆಗಬಾರದಲ್ವಾ. ಹೆಣ್ಣು ಕಪ್ಪು, ಗಂಡು ಬಿಳಿ. ಹೆಣ್ಣಿಗೆ ಒಂದೂವರೆ ವರ್ಷ ಆಗುವವರೆಗೂ ಎರಡನ್ನೂ ಬೇರೆ ತೊಟ್ಟಿಯಲ್ಲೇ ಇಟ್ಟಿದ್ದೆ. ಆಮೇಲೆ ಒಂದು ಜನವರಿಯಲ್ಲಿ ತಣ್ಣನೆ ನೀರು ಬದಲಿಸಿ ಒಟ್ಟಿಗೆ ಬಿಟ್ಟೆ. ಮಾರನೆ ದಿನ ಬೆಳಿಗ್ಗೆ ತಳದ ಚಪ್ಪಡಿ ಕಲ್ಲಿನ ಮೇಲೆ ಅಂಟಿನ ಸಣ್ಣ ಸಣ್ಣ ಗೋಪುರಗಳು, ತುದಿಯಲ್ಲಿ ಬಿಳಿ ಚುಕ್ಕೆ. ಗಂಡು ಇಟ್ಟುಹೋಗುವ ವೀರ್ಯದ ಪೊಟ್ಟಣ ಅದು, ಹೆಣ್ಣು ಅದರ ಮೇಲೆ ನಡೆದು ಒಳಗೆ ತೆಗೆದುಕೊಳ್ಳುತ್ತದೆ. ತಳ ನುಣುಪು ಗಾಜಾದರೆ ಅದು ಸರಿಯಾಗಿ ಅಂಟಲ್ಲ, ಅದಕ್ಕೇ ಕಲ್ಲು.

ಒಂದು ದಿನ ಬಿಟ್ಟು ಮೊಟ್ಟೆ ಶುರು. ಗಿಡದ ಒಂದೊಂದು ಎಲೆಗೂ ಒಂದೊಂದಾಗಿ ಅಂಟಿಸಿಕೊಂಡು ಹೋಯಿತು. ನೆನೆಸಿದ ಕಾಮಕಸ್ತೂರಿ ಬೀಜ ನೋಡಿದ್ದೀರಲ್ಲ, ಹಾಗೇ, ಅದಕ್ಕಿಂತ ಸ್ವಲ್ಪ ದೊಡ್ಡದು. ಎಣಿಸಿದೆ, ಐನೂರು ದಾಟಿತ್ತು. 1864ರಲ್ಲಿ ಪ್ಯಾರಿಸ್‌ಗೆ ಬಂದ 34 ಆಕ್ಸೊಲಾಟಲ್‌ಗಳಲ್ಲಿ ಆರು ಡುಮೆರಿಲ್ ಎಂಬ ವಿಜ್ಞಾನಿಯ ಕೈಸೇರಿದವು, ಆರರಲ್ಲಿ ಹೆಣ್ಣು ಒಂದೇ. ಮರುವರ್ಷವೇ ಅವರ ಹತ್ತಿರ ಮರಿಗಳು ತುಂಬಿಹೋಗಿದ್ದವು. ಐನೂರು ಮೊಟ್ಟೆ ಎದುರಿಗಿದ್ದಾಗ ಅದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ.

ಈ ಜೋಡಿ ತಮ್ಮ ಮೊಟ್ಟೆಯನ್ನೇ ತಿಂದುಬಿಡುತ್ತದೆ, ಹಾಗಾಗಿ ಎಲೆ ಸಮೇತ ಕತ್ತರಿಸಿ ಅಗಲದ ಡಬ್ಬಿಗಳಿಗೆ ಹಾಕಿದೆ. ಮೊಟ್ಟೆಯ ಕೆಲಸ ನಿಜಕ್ಕೂ ಸುಲಭ. 18 ಡಿಗ್ರಿ ನೀರು, ಸಣ್ಣಗೆ ಗಾಳಿಗುಳ್ಳೆ, ದಿನಕ್ಕೊಮ್ಮೆ ಬೆಳ್ಳಗಾದವನ್ನು ಪಿಪೆಟ್‌ನಲ್ಲಿ ತೆಗೆಯುವುದು. ಬೆಳ್ಳಗಾಗಿ ಹತ್ತಿಯಂತೆ ಬೂಷ್ಟು ಬಂದದ್ದನ್ನು ಬಿಟ್ಟರೆ ಪಕ್ಕದವಕ್ಕೂ ಹಿಡಿಯುತ್ತದೆ. ಬೂಷ್ಟಿಗೆ ಅಂತ ಕೆಲವರು ಬಾದಾಮಿ ಎಲೆ ಹಾಕುತ್ತಾರೆ. ನಮ್ಮ ಶಾಲೆ ಅಂಗಳದಲ್ಲಿ ಗುಡಿಸಿ ಸುಡುತ್ತಿದ್ದ ಅದೇ ಕೆಂಪು ಎಲೆ, ಇಲ್ಲಿ ಪ್ಯಾಕೆಟ್‌ನಲ್ಲಿ ದುಡ್ಡು ಕೊಟ್ಟು ತರಬೇಕು! ಹತ್ತನೇ ದಿನದ ಹೊತ್ತಿಗೆ ಕಪ್ಪು ಚುಕ್ಕೆಗೆ ತಲೆ ಬಾಲ ಬಂದು ಒಳಗೇ ತಿರುಗುತ್ತಿತ್ತು. 17ನೇ ದಿನ ಒಡೆದು ಬಂದವು, ಒಂದು ಸೆಂಟಿಮೀಟರ್ ಉದ್ದದ ಮರಿಗಳು.

ಗೋಳು ಶುರುವಾದದ್ದು ಆಮೇಲೆ.

ಎರಡು ಮೂರು ದಿನ ಹೊಟ್ಟೆಯ ಭಂಡಾರದಲ್ಲೇ ಬದುಕುತ್ತವೆ. ಆಮೇಲೆ ಜೀವಂತ ಆಹಾರವೇ ಬೇಕು, ಅಲುಗಾಡದ್ದು ಅವಕ್ಕೆ ಕಾಣುವುದೇ ಇಲ್ಲ. ಆರ್ಟೀಮಿಯ ಅಂತ ಉಪ್ಪುನೀರಿನ ಸಣ್ಣ ಸೀಗಡಿ ಇದೆ, ಅದರ ಮೊಟ್ಟೆಯನ್ನು ಉಪ್ಪುನೀರಿನ ಬಾಟಲಿಗೆ ಹಾಕಿ, 28 ಡಿಗ್ರಿಯಲ್ಲಿ ಗಾಳಿ ಬಿಡುತ್ತಾ ಒಂದು ದಿನ ಇಟ್ಟರೆ ಮರಿಯಾಗುತ್ತದೆ. ಗಾಳಿ ನಿಲ್ಲಿಸಿ ಟಾರ್ಚ್ ಹಿಡಿದರೆ ಬೆಳಕಿನ ಕಡೆ ಗುಂಪಾಗಿ ಬರುತ್ತವೆ. ಟೀ ಸೋಸುವ ಜರಡಿಯಲ್ಲಿ ಎಲ್ಲಾ ನುಸುಳಿ ಹೋದವು, ಕೊನೆಗೆ ಹಳೇ ಕರ್ಚೀಫೇ ಗತಿ. ಉಪ್ಪು ಹೋಗುವಂತೆ ತೊಳೆದು ದಿನಕ್ಕೆರಡು ಸಲ ಹಾಕಬೇಕು. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದನ್ನು ನೋಡಿಯೇ ಗೊತ್ತುಮಾಡಿಕೊಳ್ಳುತ್ತಿದ್ದೆ. ಉಳಿದದ್ದು ಕೆಲವೇ ಗಂಟೆಯಲ್ಲಿ ಸತ್ತು ನೀರು ಕೆಡಿಸುತ್ತದೆ, ಆದ್ದರಿಂದ ದಿನಾ ಪೂರ್ತಿ ನೀರು ಬದಲಿಸಬೇಕು.

ನಾನೂರು ಮರಿಗೆ ಇದನ್ನು ಮಾಡಿ ನೋಡಿ. ಆಫೀಸಿನಿಂದ ಬಂದು ರಾತ್ರಿ ಹನ್ನೆರಡರವರೆಗೂ ಡಬ್ಬಿ ತೊಳೆಯುತ್ತಿದ್ದೆ. ಎರಡು ದಿನ ಜ್ವರ ಬಂದು ಮಲಗಿದೆ, ನೀರು ಬದಲಾಗಲಿಲ್ಲ, ಅರ್ಧದಷ್ಟು ಸತ್ತವು. ಮುಂಗಾಲು ಬಂದ ಮೇಲೆ ಉಳಿದವು ಒಂದನ್ನೊಂದು ಕಚ್ಚತೊಡಗಿದವು. ಕಪ್ಪೆಮರಿಗೆ ಹಿಂಗಾಲು ಮೊದಲು, ಇವಕ್ಕೆ ಮುಂಗಾಲು ಮೊದಲು. ಕಾಲು ಹೋದರೆ ಮತ್ತೆ ಬೆಳೆಯುತ್ತದೆ ನಿಜ, ಆದರೆ ದಿನಾ ಬೆಳಿಗ್ಗೆ ಕುಂಟು ಮರಿಗಳನ್ನು ನೋಡುವುದು ಬೇಜಾರು. ಕೊನೆಗೆ ಉಳಿದದ್ದು ಮೂವತ್ತೆಂಟು.

ಎರಡನೇ ಸಲ ಮೊದಲ ವಾರದಲ್ಲೇ ಗಟ್ಟಿ ಮನಸ್ಸು ಮಾಡಿದೆ. ಆರೋಗ್ಯವಾಗಿ ಕಂಡ ಅರವತ್ತು ಮೊಟ್ಟೆ ಇಟ್ಟುಕೊಂಡು, ಇನ್ನೂ ಬರೀ ಚುಕ್ಕೆಯಾಗಿದ್ದಾಗಲೇ ಮಿಕ್ಕದ್ದನ್ನು ಫ್ರೀಜರ್‌ಗೆ ಹಾಕಿದೆ. ಒಂದು ಡಬ್ಬಿಗೆ ಹತ್ತೇ ಮರಿ, ವಾರಕ್ಕೊಮ್ಮೆ ಅಳತೆ ನೋಡಿ ದೊಡ್ಡವನ್ನು ಬೇರೆ ಮಾಡಿದೆ. ಐವತ್ತೊಂದು ಬೆಳೆದವು, ಅರ್ಧದಷ್ಟು ಅಪ್ಪನ ಹಾಗೆ ಬಿಳಿ. ಹೆಣ್ಣನ್ನು ಮತ್ತೆ ಬೇರೆ ತೊಟ್ಟಿಗೆ ಹಾಕಿದ್ದೇನೆ, ಕನಿಷ್ಠ ಆರು ತಿಂಗಳು ಬಾಣಂತನ. ಮರಿಗಳನ್ನು ಕೊಡುವಾಗ ಎಲ್ಲಿ, ಯಾವಾಗ ಹುಟ್ಟಿದ್ದು ಅಂತ ಚೀಟಿ ಬರೆದುಕೊಡುತ್ತೇನೆ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ ಇದು. ಒಂದು ಬಿಳಿ ಮರಿಯನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ಎಡಗಾಲು ಎರಡು ಸಲ ಕಳೆದುಕೊಂಡು ಎರಡು ಸಲವೂ ಬೆಳೆಸಿಕೊಂಡ ಪುಣ್ಯಾತ್ಮ.