ಎರೆಭೂಮಿಯ ರಸ್ತೆಗೆ ಎಂಥ ಗಾಲಿ? ಕಾರಿನ ಟೈರ್, ರಿಮ್ ಅಳತೆ ಆರಿಸುವ ಬಗೆ

ಬಳ್ಳಾರಿಯಿಂದ ಸಿರುಗುಪ್ಪದ ಕಡೆ ಹೊರಟಿದ್ದೆ. ಕಾರಿಗೆ 17 ಇಂಚಿನ ಹೊಸ ಅಲಾಯ್ ಹಾಕಿಸಿ ಮೂರು ವಾರ ಆಗಿತ್ತು. ಕಂಪನಿಯಿಂದ ಬಂದಿದ್ದು 15 ಇಂಚಿನ ಗಾಲಿ. ತಿರುವಿನಲ್ಲಿ ಕಾರು ವಾಲಬಾರದು, ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗಬೇಕು ಅನ್ನೋದು ನನ್ನ ಆಸೆ. ಆ ಮೂರು ವಾರ ಆಸೆ ಈಡೇರಿತ್ತು ಕೂಡ. ಅವತ್ತು ಎದುರಿಗೆ ಬಂದ ಭತ್ತದ ಲಾರಿಗೆ ದಾರಿ ಬಿಡಲು ಎಡಕ್ಕೆ ಎಳೆದೆ. ರಸ್ತೆ ಅಂಚಿನ ತಗ್ಗಿಗೆ ಮುಂದಿನ ಗಾಲಿ ಬಿತ್ತು. ಠಣ್ ಅಂತ ಸದ್ದು. ಇಳಿದು ನೋಡಿದರೆ ರಿಮ್ಮಿನ ಅಂಚು ಒಳಕ್ಕೆ ಮಡಚಿತ್ತು. ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು.

ಪಂಕ್ಚರ್ ಅಂಗಡಿಯ ಹಿರಿಯರು ಬಗ್ಗಿ ನೋಡಿ, "ಈ ಟೈರಿನಾಗ ಗಾಳಿಗೆ ಜಾಗಾನೇ ಇಲ್ಲಲ್ರೀ ಸರ, ಏಟು ಎಲ್ಲಿ ತಡ್ಕೊಂತೈತಿ?" ಅಂದರು.

ಅವರ ಮಾತು ಸರಿ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ರಸ್ತೆಗಳಲ್ಲಿ ಕಾರಿನ ಹಿಡಿತ ಹೆಚ್ಚಬೇಕು ಅಂದರೆ ದೊಡ್ಡ ರಿಮ್ ಹಾಕಿಸಬೇಕಿಲ್ಲ. ಒಂದೇ ಒಂದು ಹೆಜ್ಜೆ ಸಾಕು, ಅದನ್ನು ಲೆಕ್ಕ ಹಾಕಿ ಇಡಬೇಕು. ಆ ಲೆಕ್ಕ ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು: ತಪ್ಪು ಅಳತೆಯದೇನಾ?

ಕಾರು ತೇಲಿದ ಹಾಗೆ ಆಗುತ್ತೆ, ಸ್ಟಿಯರಿಂಗ್ ಒಂದು ಕಡೆ ಎಳೆಯುತ್ತೆ ಅಂತ ಹೊಸ ಗಾಲಿ ನೋಡಲು ಹೋಗುವವರು ಬಹಳ ಜನ. ಹೆಚ್ಚಿನ ಸಲ ಅಲ್ಲಿ ಅಳತೆಯ ತಪ್ಪೇ ಇರುವುದಿಲ್ಲ. ಗಾಳಿ ನೋಡಿಸಿ. ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ. ಶಾಕ್ ಅಬ್ಸಾರ್ಬರ್ ಸೋರುತ್ತಿದೆಯಾ ನೋಡಿ. ಟೈರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಮ್ಮಿ ಆಗಿದ್ದರೆ ಅದನ್ನು ರಸ್ತೆಯಲ್ಲಿ ಓಡಿಸುವ ಹಾಗೇ ಇಲ್ಲ, ಕಾನೂನೇ ಹೇಳುತ್ತದೆ. ಗೆರೆಗಳ ನಡುವೆ ಸಣ್ಣ ಉಬ್ಬು ಇರುತ್ತದೆ. ಟೈರು ಅದರ ಮಟ್ಟಕ್ಕೆ ಸವೆದರೆ ಆಯುಸ್ಸು ಮುಗಿದಂತೆ.

ಟೈರಿನ ವಯಸ್ಸನ್ನೂ ನೋಡಿ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಿಗೆ ರಬ್ಬರ್ ಬೇಗ ಗಟ್ಟಿಯಾಗುತ್ತದೆ, ಗೆರೆ ಇದ್ದರೂ ಹಿಡಿತ ಇರುವುದಿಲ್ಲ. ಅಂಥ ಕಡೆ ಅದೇ ಅಳತೆಯ ಒಳ್ಳೆ ಹೊಸ ಟೈರ್ ಹಾಕಿಸಿದರೂ ಕಾರು ಬೇರೆಯೇ ಅನ್ನಿಸುತ್ತದೆ.

ಈಗಿರುವ ಅಳತೆ ಓದುವುದು

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಕಾಣುತ್ತದೆ. ಕಂಪನಿ ಹೇಳಿದ ಟೈರ್ ಅಳತೆ, ಹಾಕಬೇಕಾದ ಗಾಳಿ ಎರಡೂ ಅಲ್ಲಿರುತ್ತವೆ. ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಅಂಗಡಿಯಲ್ಲಿ ಎಲ್ಲ ಮಾತೂ ಇದರಿಂದಲೇ ಶುರುವಾಗಬೇಕು.

ನಮ್ಮ ಕಡೆ ಜಾಸ್ತಿ ಕಾಣುವ ಒಂದು ಅಳತೆ ತೆಗೆದುಕೊಳ್ಳೋಣ: 185/65 ಆರ್15 88ಎಚ್. ಸ್ವಿಫ್ಟ್, ಬಲೆನೊ ತರಹದ ಕಾರುಗಳಲ್ಲಿ ಇದು ಇದೆ. 185 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 65ರಷ್ಟು. ಆರ್ ಅಂದರೆ ರೇಡಿಯಲ್, ಟೈರನ್ನು ಒಳಗೆ ಕಟ್ಟಿದ ಬಗೆ. 15 ರಿಮ್ಮಿನ ಇಂಚು. 88 ಭಾರದ ಅಂಕಿ, ಒಂದು ಟೈರು 560 ಕೆ.ಜಿ. ಹೊರುತ್ತದೆ ಅಂತ. ಎಚ್ ವೇಗದ ಗುರುತು, ಗಂಟೆಗೆ 210 ಕಿ.ಮೀ.

ಎತ್ತರದ ಲೆಕ್ಕ

ಹೊಸ ಗಾಲಿಯ ಒಟ್ಟು ಎತ್ತರ ಹಳೆಯದರ ಹತ್ತಿರವೇ ಇರಬೇಕು. ಇದು ತಪ್ಪಿದರೆ ಮೀಟರ್ ಸುಳ್ಳು ಹೇಳುತ್ತದೆ, ಗೇರಿನ ಎಳೆತ ಬದಲಾಗುತ್ತದೆ, ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ.

ಲೆಕ್ಕ ಸುಲಭ. ಅಗಲವನ್ನು ಶೇಕಡಾ ಅಂಕಿಯಿಂದ ಗುಣಿಸಿ. ಅದು ಒಂದು ಕಡೆಯ ಪಕ್ಕೆ. ಎರಡರಿಂದ ಗುಣಿಸಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿ. ನಮ್ಮ ಉದಾಹರಣೆಯಲ್ಲಿ 185ರ 65 ಪರ್ಸೆಂಟ್ 120.25. ಎರಡು ಪಕ್ಕೆ ಸೇರಿ 240.5. ರಿಮ್ 381. ಒಟ್ಟು 621.5 ಮಿ.ಮೀ.

ಈಗ ಬೇರೆ ಅಳತೆಗಳನ್ನು ಇದರ ಪಕ್ಕ ಇಟ್ಟು ನೋಡಿ. 195/60 ಆರ್15 ಹಾಕಿದರೆ 615 ಬರುತ್ತದೆ, ಒಂದು ಪರ್ಸೆಂಟ್ ಕಮ್ಮಿ. ಕಾರು 3 ಮಿ.ಮೀ. ಕೆಳಗೆ ಇಳಿಯುತ್ತದೆ, ಅಷ್ಟೇ. 195/55 ಆರ್16 ಆದರೆ 620.9, ಹೆಚ್ಚುಕಮ್ಮಿ ಅದೇ ಎತ್ತರ. 195/65 ಆರ್15 ಮಾತ್ರ 634.5 ಆಗುತ್ತದೆ. ಎರಡು ಪರ್ಸೆಂಟ್ ಜಾಸ್ತಿ. ಮೀಟರ್ 100 ತೋರಿಸುವಾಗ ಮೊದಲಿಗಿಂತ 2 ಕಿ.ಮೀ. ಜೋರಾಗಿ ಹೋಗುತ್ತಿರುತ್ತೀರಿ. ಒಂದೂವರೆ ಪರ್ಸೆಂಟಿನ ಒಳಗೆ ಇರಿ ಅನ್ನೋದು ನನ್ನ ಮಾತು. ಮೂರು ದಾಟಲೇಬೇಡಿ.

ಪಕ್ಕೆ ಎಷ್ಟು ಬೇಕು

ಸ್ಟಿಯರಿಂಗ್ ತಿರುಗಿಸಿದಾಗ ಮೊದಲು ರಿಮ್ ತಿರುಗುತ್ತದೆ. ಟೈರಿನ ಪಕ್ಕೆ ಸ್ವಲ್ಪ ತಿರುಚಿಕೊಂಡು, ಆಮೇಲೆ ರಸ್ತೆಗೆ ಅಂಟಿದ ರಬ್ಬರ್ ತಿರುಗುತ್ತದೆ. ಪಕ್ಕೆ ಎತ್ತರ ಇದ್ದಷ್ಟೂ ಈ ತಿರುಚುವಿಕೆ ಜಾಸ್ತಿ. ಅದಕ್ಕೇ ಎತ್ತರದ ಟೈರಿನ ಕಾರು ಮಾತು ಕೇಳುವುದು ಒಂದು ಕ್ಷಣ ತಡ. ಪಕ್ಕೆ ಗಿಡ್ಡ ಮಾಡಿದರೆ ಆ ತಡ ಹೋಗುತ್ತದೆ. ದೊಡ್ಡ ರಿಮ್ಮಿನ ಗುಟ್ಟು ಇಷ್ಟೇ.

ಆದರೆ ಅದೇ ಪಕ್ಕೆ ತಗ್ಗಿನ ಏಟನ್ನು ನುಂಗುವುದೂ ಹೌದು. 185/65ರಲ್ಲಿ 120 ಮಿ.ಮೀ. ಪಕ್ಕೆ ಇದೆ. 195/55ಕ್ಕೆ ಬಂದರೆ 107. ನಾನು ಹಾಕಿಸಿದ್ದ 205/45 ಆರ್17ರಲ್ಲಿ 92. ಅಂಚು ಚೂಪಾದ ತಗ್ಗಿಗೆ ಬಿದ್ದಾಗ ಟೈರು ರಿಮ್ಮಿನವರೆಗೂ ಒತ್ತಿ, ಒಳಗಿನ ದಾರಗಳು ಕತ್ತರಿಸಿ ಗಂಟು ಎದ್ದಿತು. ಆ ಗಂಟಿಗೆ ರಿಪೇರಿ ಇಲ್ಲ. ಟೈರನ್ನೇ ಬಿಸಾಡಬೇಕು.

ನಮ್ಮ ನೆಲವನ್ನು ಮರೆತು ಈ ಲೆಕ್ಕ ಹಾಕಬಾರದು. ಸಿಂಧನೂರು, ಮಾನ್ವಿ, ಸಿರುಗುಪ್ಪ, ಕುಷ್ಟಗಿ ಸುತ್ತ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಎರಡು ವರ್ಷದಲ್ಲಿ ಅಲೆ ಅಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಇಂಥ ರಸ್ತೆಯಲ್ಲಿ ಟೈರು ನೆಲ ಬಿಡದೆ ಇರುವುದೇ ಹಿಡಿತ. ಗಟ್ಟಿ ಪಕ್ಕೆಯ ಟೈರು ಅಲೆಯಿಂದ ಅಲೆಗೆ ಹಾರುತ್ತದೆ. ಹಾರಿದ ಹೊತ್ತಿನಲ್ಲಿ ಅದು ತಿರುಗಿಸಲೂ ಆಗದು, ಬ್ರೇಕ್ ಹಿಡಿಯಲೂ ಆಗದು. ನುಣುಪಾದ ಹೆದ್ದಾರಿಯಲ್ಲಿ ಗೆಲ್ಲುವ ಟೈರು ಇಲ್ಲಿ ಸೋಲುವುದು ಇದಕ್ಕೇ.

ಸಂಡೂರು, ತೋರಣಗಲ್ಲಿನ ಕಡೆ ಇನ್ನೊಂದು ಕಷ್ಟ. ಅದಿರಿನ ಲಾರಿಗಳ ಭಾರಕ್ಕೆ ರಸ್ತೆ ಉದ್ದಕ್ಕೂ ಜಾಡು ಬಿದ್ದಿರುತ್ತದೆ. ಅಗಲವಾದ, ಗಿಡ್ಡ ಪಕ್ಕೆಯ ಟೈರು ಆ ಜಾಡನ್ನು ಹಿಡಿದು ಓಡುತ್ತದೆ. ಸ್ಟಿಯರಿಂಗನ್ನು ಯಾರೋ ಕೈಯಿಂದ ಎಳೆದ ಹಾಗೆ ಆಗುತ್ತದೆ.

ಅಗಲ ಜಾಸ್ತಿ ಆದರೆ ಒದ್ದೆ ರಸ್ತೆಯಲ್ಲೂ ತೊಂದರೆ ಇದೆ. ಅಗಲ ಟೈರು ಹೆಚ್ಚು ನೀರನ್ನು ತಳ್ಳಬೇಕು. ತಳ್ಳಲಾಗದಿದ್ದರೆ ನೀರಿನ ಮೇಲೆ ತೇಲುತ್ತದೆ. ಗಂಗಾವತಿ, ಕಾರಟಗಿ ಕಡೆ ನಾಟಿಯ ಕಾಲದಲ್ಲಿ ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಕೆಸರು ಬಿಟ್ಟುಹೋಗಿರುತ್ತವೆ. ಅದರ ಮೇಲೆ ಮಳೆ ಬಿದ್ದರೆ ಬೆಣ್ಣೆ ಸವರಿದ ಹಾಗೆ.

ಹಾಗಾಗಿ ನನ್ನ ಸಲಹೆ ಇದು. ದಿನವೂ ಹಳ್ಳಿ ರಸ್ತೆ ಓಡಿಸುವವರು ಅದೇ ಇಂಚಿನ ರಿಮ್ಮಿನಲ್ಲಿ 10 ಮಿ.ಮೀ. ಅಗಲ ಹೆಚ್ಚಿಸಿ ಸಾಕು ಮಾಡಿ. ಹೆಚ್ಚಾಗಿ ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿ ಹೆದ್ದಾರಿಯಲ್ಲೇ ಓಡಾಡುವವರು ಒಂದು ಇಂಚು ಏರಬಹುದು. ಎರಡು ಇಂಚು ಬೇಡ.

ರಿಮ್ ಕೊಳ್ಳುವಾಗ ನಾಲ್ಕು ಅಳತೆ

ರಿಮ್ಮಿನ ಅಗಲವನ್ನು ಬಹಳ ಜನ ಕೇಳುವುದೇ ಇಲ್ಲ. 185/65 ಟೈರಿಗೆ 5ರಿಂದ 6.5 ಇಂಚು ಅಗಲದ ರಿಮ್ ನಡೆಯುತ್ತದೆ. 195/60ಕ್ಕೆ 5.5ರಿಂದ 7. ಕಿರಿದಾದ ರಿಮ್ಮಿಗೆ ಅಗಲ ಟೈರ್ ಹಾಕಿದರೆ ಅದು ಬಲೂನಿನ ಹಾಗೆ ಉಬ್ಬಿ, ತಿರುವಿನಲ್ಲಿ ಪಕ್ಕೆ ಜಾಸ್ತಿ ತಿರುಚುತ್ತದೆ. ಖರ್ಚು ಮಾಡಿಯೂ ಮೊದಲಿಗಿಂತ ಕೆಟ್ಟ ಹಿಡಿತ. ಅದೇ 195ಕ್ಕೆ 6 ಇಂಚಿನ ರಿಮ್ ಕೊಟ್ಟರೆ ಪಕ್ಕೆ ನೆಟ್ಟಗೆ ನಿಲ್ಲುತ್ತದೆ. ಇಂಚು ಹೆಚ್ಚಿಸದೆಯೇ ಸ್ಟಿಯರಿಂಗ್ ಚುರುಕಾಗುತ್ತದೆ.

ಬೋಲ್ಟಿನ ಲೆಕ್ಕ ಪಿಸಿಡಿ. ಸ್ವಿಫ್ಟ್‌ಗೆ 4x100, ಅಂದರೆ 100 ಮಿ.ಮೀ. ವೃತ್ತದ ಮೇಲೆ ನಾಲ್ಕು ಬೋಲ್ಟು. ಇದರಲ್ಲಿ "ಅಡ್ಜಸ್ಟ್ ಮಾಡ್ತೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಮೂರನೆಯದು ಆಫ್‌ಸೆಟ್. ರಿಮ್ಮಿನ ಮೇಲೆ ಇಟಿ ಅಂತ ಅಂಕಿ ಇರುತ್ತದೆ. ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ (ಗಾಲಿ ಕೂರುವ ಕಾರಿನ ಭಾಗ) ಅಂಟುವ ಮುಖ ಎಷ್ಟು ದೂರ ಅಂತ ಅದು ಹೇಳುತ್ತದೆ. ಅಂಕಿ ಕಮ್ಮಿಯಾದಷ್ಟೂ ಗಾಲಿ ಹೊರಗೆ ಬರುತ್ತದೆ. 5.5 ಇಂಚು ಅಗಲ, ಇಟಿ 45 ಇದ್ದ ಜಾಗಕ್ಕೆ 6.5 ಇಂಚು, ಇಟಿ 38 ಹಾಕಿದಿರಿ ಅನ್ನಿ. ಹೆಚ್ಚಿದ ಒಂದು ಇಂಚು ಅಗಲದಲ್ಲಿ ಹೊರಬದಿಗೆ ಬರುವುದು ಅರ್ಧ ಇಂಚು, 12.7 ಮಿ.ಮೀ. ಆಯಿತು. ಆಫ್‌ಸೆಟ್ಟಿನದು 7. ಗಾಲಿ ಸುಮಾರು 20 ಮಿ.ಮೀ. ಹೊರಗೆ ಬಂತು. ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ, ನಿಜ. ಆದರೆ ಬೇರಿಂಗಿನ ಮೇಲೆ ಭಾರ ಏರುತ್ತದೆ, ಒಂದು ಗಾಲಿ ತಗ್ಗಿಗೆ ಬಿದ್ದರೆ ಸ್ಟಿಯರಿಂಗ್ ಜೋರಾಗಿ ಎಳೆಯುತ್ತದೆ. ಕಂಪನಿಯ ಇಟಿ ಅಂಕಿಗೂ ಅದಕ್ಕೂ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇಲ್ಲದ ರಿಮ್ ಹುಡುಕಿ.

ಕೊನೆಯದು ನಡುವಿನ ತೂತು. ಅದು ಹಬ್ಬಿಗಿಂತ ದೊಡ್ಡದಿದ್ದರೆ ನಡುವೆ ರಿಂಗ್ ಹಾಕಿಸಿ. ಇಲ್ಲದಿದ್ದರೆ 80ರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ.

ತೂಕವನ್ನೂ ನೋಡಿ. ಅಲಾಯ್ ಅಂದರೆ ಹಗುರ ಅಂತ ನಂಬಿಕೆ. ಅಗ್ಗದ ದೊಡ್ಡ ಅಲಾಯ್ ಹಳೆಯ ಸ್ಟೀಲ್ ಡಿಸ್ಕಿಗಿಂತ ಭಾರ ಇರುವುದುಂಟು. ಅಂಗಡಿಯಲ್ಲೇ ಎರಡನ್ನೂ ತಕ್ಕಡಿಗೆ ಹಾಕಿಸಿ. ಗಾಲಿ ಭಾರವಾದರೆ ಸಸ್ಪೆನ್ಶನ್ ಅದನ್ನು ನೆಲಕ್ಕೆ ಒತ್ತಿ ಹಿಡಿಯಲು ಒದ್ದಾಡುತ್ತದೆ. ಅಲಾಯ್ ಮೇಲೆ ಜೆಡಬ್ಲ್ಯುಎಲ್ (ಜಪಾನಿನ ಅಲಾಯ್ ಗಾಲಿಯ ಮಾನದಂಡ) ಗುರುತು ಮತ್ತು ಹೊರಬಲ್ಲ ಭಾರ ಅಚ್ಚಾಗಿರಲಿ.

ಭಾರದ ಅಂಕಿ ಇಳಿಸಬೇಡಿ

ನಾವು ಕಾರಿನಲ್ಲಿ ಒಬ್ಬರೇ ಹೋಗುವುದು ಕಮ್ಮಿ. ಮಂತ್ರಾಲಯಕ್ಕೋ ಅಂಜನಾದ್ರಿಗೋ ಹೊರಟರೆ ಐದು ಜನ, ಬುತ್ತಿ, ನೀರಿನ ಕ್ಯಾನು ಎಲ್ಲ ಇರುತ್ತದೆ. 205/45 ಆರ್17ರ ಮಾಮೂಲಿ ಟೈರಿನ ಅಂಕಿ 84, ಅಂದರೆ 500 ಕೆ.ಜಿ. ನಮ್ಮ 88ಕ್ಕಿಂತ ಒಂದೊಂದು ಟೈರಿಗೆ 60 ಕೆ.ಜಿ. ಕಮ್ಮಿ. 195/60 ಆರ್15ರಲ್ಲಿ ಅದೇ 88 ಸಿಗುತ್ತದೆ. ಸ್ಟಿಕ್ಕರಿನ ಅಂಕಿಗಿಂತ ಕೆಳಗೆ ಹೋಗಬೇಡಿ, ವೇಗದ ಗುರುತಿನಲ್ಲೂ ಅಷ್ಟೇ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸುವಂತಿಲ್ಲ. ನಿಮ್ಮ ಮಾಡೆಲಿನದೇ ಮೇಲಿನ ವೇರಿಯಂಟಿಗೆ ಕಂಪನಿ ಕೊಡುವ ಅಳತೆಯನ್ನೇ ಆರಿಸುವುದು ಎಲ್ಲಕ್ಕಿಂತ ನೆಮ್ಮದಿ. ಬೇರೆ ಅಳತೆ ಹಾಕಿಸುವುದಾದರೆ ಮೊದಲೇ ಷೋರೂಮಿನವರನ್ನೂ ಇನ್ಶೂರೆನ್ಸ್ ಕಂಪನಿಯನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಹಾಕಿಸುವ ದಿನ

ನಾಲ್ಕೂ ಒಂದೇ ಅಳತೆ, ಒಂದೇ ಮಾದರಿ ಇರಲಿ. ದುಡ್ಡು ಸಾಲದೆ ಎರಡೇ ತಂದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಮುಂದೆ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಆದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಗಾಲಿ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಹಿಡಿಯುವುದು ಕಷ್ಟ.

ಹಾಕಿದ ಮೇಲೆ ಅಂಗಡಿ ಬಿಡುವ ಮುಂಚೆ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಐದು ಜನರನ್ನು ಕೂರಿಸಿಕೊಂಡು ಹಂಪ್ ಹತ್ತಿಸಿ ಇಳಿಸಿ. ಎಲ್ಲಾದರೂ ಉಜ್ಜುವ ಸದ್ದು ಬಂದರೆ ಆ ಅಳತೆ ನಿಮ್ಮ ಕಾರಿಗಲ್ಲ.

ಗಾಳಿ

ಇದನ್ನು ಒತ್ತಿ ಹೇಳಬೇಕು. ಬೇಸಿಗೆ ಬಂದರೆ ಗಾಳಿ ಕಮ್ಮಿ ಹಾಕಿಸಬೇಕು, ಇಲ್ಲದಿದ್ದರೆ ಟೈರು ಸಿಡಿಯುತ್ತದೆ ಅಂತ ನಮ್ಮ ಕಡೆ ಬಲವಾದ ನಂಬಿಕೆ ಇದೆ. ಇದು ತಿರುಗಾಮುರುಗಾ. ಗಾಳಿ ಕಮ್ಮಿ ಇದ್ದರೆ ಪಕ್ಕೆ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತದೆ. ಮಡಚಿದಷ್ಟೂ ಕಾಯುತ್ತದೆ. ರಾಯಚೂರಿನ 42 ಡಿಗ್ರಿ ಬಿಸಿಲು, ಕಾದ ಡಾಂಬರು, ತುಂಬಿದ ಕಾರು, 100ರ ವೇಗ. ಟೈರು ಸಿಡಿಯುವುದು ಆಗ.

ಬೆಳಿಗ್ಗೆ ಕಾರು ಓಡಿಸುವ ಮುಂಚೆ, ಟೈರು ತಣ್ಣಗಿದ್ದಾಗ, ಸ್ಟಿಕ್ಕರಿನಲ್ಲಿ ಹೇಳಿದಷ್ಟು ಗಾಳಿ ಹಾಕಿಸಿ. ಮಧ್ಯಾಹ್ನ ಅದು ತಾನಾಗಿಯೇ ಏರುತ್ತದೆ, 6 ಡಿಗ್ರಿಗೆ ಸುಮಾರು 1 ಪಿಎಸ್‌ಐ. ಏರಿತೆಂದು ಬಿಡಬೇಡಿ, ಕಂಪನಿ ಅದನ್ನೂ ಸೇರಿಸಿಯೇ ಅಂಕಿ ಕೊಟ್ಟಿದೆ. ಅಳತೆ ಬದಲಿಸಿದ್ದರೆ ಎಷ್ಟು ಗಾಳಿ ಅಂತ ಟೈರ್ ಡೀಲರನ್ನು ಕೇಳಿ ಬರೆದಿಟ್ಟುಕೊಳ್ಳಿ.

ನನ್ನ ಕಾರಿನಲ್ಲಿ ಈಗ 6 ಇಂಚು ಅಗಲದ ರಿಮ್ ಮೇಲೆ 195/60 ಆರ್15 ಇದೆ. ತಿರುವಿನಲ್ಲಿ ಆ 17 ಇಂಚಿನಷ್ಟು ಚುರುಕಿಲ್ಲ. ಕಂಪನಿಯಿಂದ ಬಂದದ್ದಕ್ಕಿಂತ ಚೆನ್ನಾಗಿದೆ. ಸಿರುಗುಪ್ಪದ ರಸ್ತೆಯಲ್ಲಿ ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾರೆ.

ಇನ್ನೆರಡು ಕೆಲಸ ಉಳಿಯುತ್ತವೆ. ಹೊಸ ಟೈರಿನ ಮೇಲ್ಮೈ ಮೊದಮೊದಲು ನುಣುಪಾಗಿರುತ್ತದೆ, 200 ಕಿ.ಮೀ. ಆಗುವವರೆಗೆ ನಿಧಾನ ಓಡಿಸಿ. ಮೊದಲ 100 ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ನಟ್ಟುಗಳನ್ನು ಮತ್ತೆ ಬಿಗಿ ಮಾಡಿಸಿ.